ಗುರಿಯತ್ತ ಪ್ರಗತಿ ತೋರಿಸುವ ಚಾರ್ಟ್ ತಪ್ಪು ಹೇಳಿದಾಗ: ಅಭಿವೃದ್ಧಿ ಯೋಜನೆಗಳ ಡ್ಯಾಶ್‌ಬೋರ್ಡ್‌ಗೆ ದೋಷ ನಿವಾರಣೆ ಕೈಪಿಡಿ

ಡ್ಯಾಶ್‌ಬೋರ್ಡ್‌ನಲ್ಲಿ ಬಾರ್ ಅರ್ಧಕ್ಕಿಂತ ಮುಂದೆ ಹೋಗಿದೆ. ಕ್ಷೇತ್ರದ ವರದಿ ನೋಡಿದರೆ ಕೆಲಸ ಈಗಷ್ಟೇ ಶುರುವಾಗಿದೆ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮೊದಲು ಕೈಹಾಕುವುದು ಚಾರ್ಟ್‌ನ ಸೆಟ್ಟಿಂಗ್‌ಗೆ. ಅಲ್ಲಿ ತೊಡಗಿದರೆ ಅರ್ಧ ದಿನ ಹೋಗುತ್ತದೆ, ದೋಷ ಇದ್ದಲ್ಲೇ ಇರುತ್ತದೆ. ಪ್ರತಿ ಬಾರ್‌ನ ಹಿಂದೆ ನಾಲ್ಕು ಸಂಗತಿಗಳಿವೆ: ಬೇಸ್‌ಲೈನ್ (ಯೋಜನೆ ಶುರುವಾಗುವ ಮುಂಚಿನ ಅಂಕಿ), ಗುರಿ, ಸಾಧನೆ, ಮತ್ತು ಈ ಮೂರೂ ಯಾವ ದಿನಾಂಕಕ್ಕೆ ಸೇರಿದವು ಎಂಬುದು. ತಪ್ಪು ಬಹುಪಾಲು ಇವುಗಳಲ್ಲೊಂದರಲ್ಲಿ ಇರುತ್ತದೆ. ಚಾರ್ಟ್ ಬಣ್ಣದ ತಪ್ಪುಗಳೂ ಇವೆ, ಅವನ್ನು ಕೊನೆಗೆ ನೋಡೋಣ.

ಮೊದಲ ಪರೀಕ್ಷೆ: ಒಂದೇ ಸೂಚಕ, ಕೈಲೆಕ್ಕ

ಸೂಚಕ ಎಂದರೆ ಯೋಜನೆಯ ಪ್ರಗತಿಗೆ ಅಳೆಯುವ ಒಂದು ಅಂಕಿ. ಅನುಮಾನ ಬಂದ ಸೂಚಕಗಳಲ್ಲಿ ಒಂದನ್ನು ಮಾತ್ರ ಆರಿಸಿ. ಡ್ಯಾಶ್‌ಬೋರ್ಡ್ ಮುಚ್ಚಿ, ಮೂಲ ಶೀಟ್ ಅಥವಾ ಮೂಲ ಫೈಲ್ ತೆರೆದು, ನಾಲ್ಕು ಸಂಗತಿಗಳನ್ನೂ ಕಾಗದದ ಮೇಲೆ ಬರೆದುಕೊಳ್ಳಿ. ನಂತರ ಈ ಲೆಕ್ಕ ಮಾಡಿ: ಸಾಧನೆಯಿಂದ ಬೇಸ್‌ಲೈನ್ ಕಳೆಯಿರಿ, ಗುರಿಯಿಂದ ಬೇಸ್‌ಲೈನ್ ಕಳೆಯಿರಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ.

ಒಂದು ನೀರಿನ ಯೋಜನೆ ಅಂದುಕೊಳ್ಳಿ. ಶುರುವಿಗೆ ಮುಂಚೆಯೇ 1,200 ಕುಟುಂಬಗಳಿಗೆ ನಲ್ಲಿ ನೀರಿತ್ತು. ಗುರಿ 3,000. ಈಗ 1,560. ಸಾಧನೆಯನ್ನು ನೇರವಾಗಿ ಗುರಿಯಿಂದ ಭಾಗಿಸಿದರೆ 52% ಬರುತ್ತದೆ. ಆದರೆ ಯೋಜನೆ ತಲುಪಬೇಕಾದ ದಾರಿ 1,800 ಕುಟುಂಬಗಳದ್ದು, ಕ್ರಮಿಸಿದ್ದು 360. ಅಂದರೆ 20%. ಕೈಲೆಕ್ಕ 20 ಹೇಳಿ ಬಾರ್ 52 ಹೇಳಿದರೆ, ಸೂತ್ರದಲ್ಲಿ ಬೇಸ್‌ಲೈನ್ ಬಿಟ್ಟುಹೋಗಿದೆ ಎಂದರ್ಥ. ಯೋಜನೆ ಶುರುವಾದ ಮೊದಲ ದಿನವೇ ಬಾರ್ 40% ತೋರಿಸುತ್ತಿದ್ದರೂ ಇದೇ ಕಾಯಿಲೆ: 1,200 ಭಾಗ 3,000.

ಕೈಲೆಕ್ಕವೂ ಬಾರೂ ಒಂದೇ ಹೇಳಿದರೆ, ಕ್ಷೇತ್ರದ ವರದಿ ಮಾತ್ರ ಬೇರೆ ಹೇಳಿದರೆ, ದೋಷ ಸೂತ್ರದಲ್ಲಿಲ್ಲ, ಒಳಬಂದ ಅಂಕಿಯಲ್ಲಿದೆ. ಈ ಒಂದು ಪರೀಕ್ಷೆಯಿಂದ ಹುಡುಕಾಟದ ಜಾಗ ಅರ್ಧಕ್ಕೆ ಇಳಿಯುತ್ತದೆ.

ಬೇಸ್‌ಲೈನ್ ಕಾಲಂ ಖಾಲಿ ಇದ್ದಾಗ ಅದನ್ನು 0 ಅಂತ ತುಂಬುವುದು ಬಹಳ ಕಡೆ ರೂಢಿ. ತರಬೇತಿ ಪಡೆದವರ ಸಂಖ್ಯೆಯಂಥ, ಯೋಜನೆಯೇ ಹುಟ್ಟುಹಾಕುವ ಸೂಚಕಕ್ಕೆ 0 ಸರಿ. ಶಾಲೆಗೆ ಹೋಗುವ ಮಕ್ಕಳ ಪ್ರಮಾಣಕ್ಕೆ 0 ಸುಳ್ಳು. ಬೇಸ್‌ಲೈನ್ ನಿಜಕ್ಕೂ ಗೊತ್ತಿಲ್ಲದಿದ್ದರೆ ಪ್ರಗತಿಯ ಶೇಕಡಾವಾರು ತೋರಿಸಬೇಡಿ; ಸಾಧನೆಯ ಅಂಕಿ ಮತ್ತು ಗುರಿಯ ಗೆರೆ ಇಷ್ಟೇ ಸಾಕು.

ಇಳಿಯಬೇಕಾದ ಸೂಚಕ 100% ದಾಟಿದೆ

ಕುಂಠಿತ ಬೆಳವಣಿಗೆಯ ಮಕ್ಕಳ ಪ್ರಮಾಣವನ್ನು 40%ನಿಂದ 28%ಗೆ ಇಳಿಸಬೇಕು. ಈಗ 37% ಇದೆ ಎನ್ನೋಣ. ಸಾಧನೆ ಭಾಗ ಗುರಿ ಮಾಡಿದರೆ 132% ಬರುತ್ತದೆ, ಚಾರ್ಟ್ ಹಸಿರು. ಯಾರೋ ಅದನ್ನು ಗಮನಿಸಿ ಗುರಿ ಭಾಗ ಸಾಧನೆ ಅಂತ ತಿರುಗಿಸಿದರೆ 76% ಬರುತ್ತದೆ. ಇದು ಇನ್ನೂ ಅಪಾಯಕಾರಿ, ಏಕೆಂದರೆ 76 ನಂಬುವಂತಿದೆ. ಕ್ರಮಿಸಬೇಕಾದದ್ದು 12 ಶೇಕಡಾ ಅಂಶ, ಕ್ರಮಿಸಿದ್ದು 3. ಉತ್ತರ 25%. ಮೇಲಿನ ಸೂತ್ರವನ್ನೇ ಬಳಸಿದರೆ ಋಣ ಚಿಹ್ನೆಗಳು ತಾವಾಗಿಯೇ ಕಳೆದುಹೋಗುತ್ತವೆ. ಇಳಿಯುವ ಸೂಚಕಕ್ಕೆ ಬೇರೆ ಸೂತ್ರ ಬೇಕಿಲ್ಲ. ಸ್ಥಿತಿ ಕೆಟ್ಟು 42%ಗೆ ಏರಿದರೆ ಸೂತ್ರ ಮೈನಸ್ 17% ಕೊಡುತ್ತದೆ. ಹಲವು ಚಾರ್ಟ್‌ಗಳು ಮೈನಸ್ಸನ್ನು 0ಗೆ ಕತ್ತರಿಸುತ್ತವೆ. ಹಾಗಾಗಲು ಬಿಡಬೇಡಿ. ಏನೂ ಆಗಿಲ್ಲ ಎನ್ನುವುದೂ ಮೊದಲಿಗಿಂತ ಹಾಳಾಗಿದೆ ಎನ್ನುವುದೂ ಒಂದೇ ಅಲ್ಲ.

ದತ್ತಾಂಶ ಐಎಟಿಐ (ಅಂತರರಾಷ್ಟ್ರೀಯ ನೆರವು ಪಾರದರ್ಶಕತಾ ಉಪಕ್ರಮ) ಮಾದರಿಯ ಎಕ್ಸ್‌ಎಂಎಲ್ ಫೈಲಿನಿಂದ ಬರುತ್ತಿದ್ದರೆ ಇನ್ನೊಂದು ಕಡೆ ನೋಡಬೇಕು. ನೆರವಿನ ಪಾರದರ್ಶಕತೆಗಾಗಿ 2008ರಲ್ಲಿ ಘಾನಾದ ಅಕ್ರಾದಲ್ಲಿ ಶುರುವಾದ ಈ ವ್ಯವಸ್ಥೆಯ ಮಾನದಂಡದಲ್ಲಿ ಪ್ರತಿ ಸೂಚಕಕ್ಕೂ ‘ಅಸೆಂಡಿಂಗ್’ ಎಂಬ ಗುಣ ಇದೆ: ಅಂಕಿ ಏರಿದರೆ ಒಳ್ಳೆಯದೋ ಇಳಿದರೆ ಒಳ್ಳೆಯದೋ ಎಂದು ಅದು ಹೇಳುತ್ತದೆ. ಪ್ರಕಟಿಸಿದವರು ಏನೂ ಬರೆಯದಿದ್ದರೆ ‘ಏರಿದರೆ ಒಳ್ಳೆಯದು’ ಎಂದೇ ಲೆಕ್ಕ. ಹಾಗಾಗಿ ಮರಣ, ಅಪೌಷ್ಟಿಕತೆ, ಕಾಯುವ ಸಮಯ ಮುಂತಾದ ಸೂಚಕಗಳ ಬಣ್ಣ ತಲೆಕೆಳಗಾಗುತ್ತದೆ. ಎಲ್ಲ ಸೂಚಕಗಳಲ್ಲೂ ಗುರಿ ಬೇಸ್‌ಲೈನ್‌ಗಿಂತ ಕಡಿಮೆ ಇರುವ ಸಾಲುಗಳನ್ನು ಫಿಲ್ಟರ್ ಮಾಡಿ. ಅವುಗಳಲ್ಲಿ ಅಸೆಂಡಿಂಗ್ ಎಂದು ಉಳಿದಿರುವುದೆಲ್ಲ ಅನುಮಾನಾಸ್ಪದ.

ಇದೇ ಜಾಗದಲ್ಲಿ ‘ಸೊನ್ನೆಯಿಂದ ಭಾಗಿಸಲಾಗದು’ ಎಂಬ ದೋಷವೂ ಕಾಣಿಸಿಕೊಳ್ಳಬಹುದು. ಲಸಿಕೆ ಪ್ರಮಾಣ ಈಗಾಗಲೇ 95% ಇದ್ದು ಅದನ್ನು ಉಳಿಸಿಕೊಳ್ಳುವುದೇ ಗುರಿಯಾಗಿದ್ದರೆ, ಗುರಿ ಮತ್ತು ಬೇಸ್‌ಲೈನ್ ಒಂದೇ, ಛೇದ ಸೊನ್ನೆ. ಇಂಥದ್ದಕ್ಕೆ ಪ್ರಗತಿ ಬಾರ್ ಹೊಂದುವುದೇ ಇಲ್ಲ. ಗುರಿಯ ಮಟ್ಟಕ್ಕೆ ಅಡ್ಡಗೆರೆ ಎಳೆದು, ಅಂಕಿ ಮೇಲಿದೆಯೋ ಕೆಳಗಿದೆಯೋ ಎಂದಷ್ಟೇ ತೋರಿಸಿ. ಹಂತಗಳ ಸೂಚಕವೂ ಹೀಗೆಯೇ. ಕರಡು ಸಿದ್ಧ, ಸಂಪುಟದ ಒಪ್ಪಿಗೆ, ಕಾಯ್ದೆ ಜಾರಿ ಎಂಬ ಮೆಟ್ಟಿಲುಗಳಿಗೆ 1, 2, 3 ಕೊಟ್ಟು ಶೇಕಡಾ ಮಾಡಿದರೆ ಬರುವ 50%ಗೆ ಅರ್ಥವಿಲ್ಲ. ಮೆಟ್ಟಿಲುಗಳನ್ನೇ ಬರೆದು ಈಗಿನದಕ್ಕೆ ಬಣ್ಣ ಹಾಕಿ.

ಗೆರೆ ಗರಗಸದಂತೆ ಏರಿಳಿಯುತ್ತಿದೆ

ಮೊದಲ ವರ್ಷ 400, ಎರಡನೆಯ ವರ್ಷ 900, ಮೂರನೆಯ ವರ್ಷ 450. ಗುರಿ 2,000. ಇಲ್ಲಿ ಏನಾಗಿದೆ ಎಂದು ನೋಡಿದ ಕೂಡಲೇ ಹೇಳಲಾಗದು, ಅದೇ ತೊಂದರೆ. ಮೂರೂ ಆಯಾ ವರ್ಷದ ಅಂಕಿಗಳಾದರೆ ಒಟ್ಟು 1,750. ಎರಡನೆಯದು ಮಾತ್ರ ಹಿಂದಿನದನ್ನೂ ಸೇರಿಸಿ ಬರೆದ ಸಂಚಿತ ಅಂಕಿಯಾಗಿದ್ದರೆ ಒಟ್ಟು 1,350. ವರದಿ ಬರೆಯುವವರು ನಡುವೆ ಬದಲಾದರೆ ಇದು ಆಗಿಯೇ ಆಗುತ್ತದೆ: ಒಬ್ಬರು ಆಯಾ ಅವಧಿಯದ್ದನ್ನು ಬರೆಯುತ್ತಾರೆ, ಇನ್ನೊಬ್ಬರು ಈವರೆಗಿನ ಒಟ್ಟನ್ನು.

ಪತ್ತೆಗೆ ಎರಡು ನಿಯಮ. ಮೊದಲನೆಯದು, ಎಣಿಕೆಯ ಸೂಚಕದ ಸಂಚಿತ ಸಾಲು ಎಂದೂ ಇಳಿಯಬಾರದು. ಇಳಿದರೆ ಅದು ಸಂಚಿತವಲ್ಲ, ಇಲ್ಲವೇ ಹಳೆಯ ಅಂಕಿಯನ್ನು ತಿದ್ದಿದ್ದಾರೆ. ಎರಡನೆಯದು, ಸಾಧನೆ ಯಾವ ಬಗೆಯದೋ ಗುರಿಯೂ ಅದೇ ಬಗೆಯದಿರಬೇಕು. ವಾರ್ಷಿಕ ಸಾಧನೆಯನ್ನು ಐದು ವರ್ಷದ ಒಟ್ಟು ಗುರಿಯ ಪಕ್ಕ ಇಟ್ಟರೆ ಯೋಜನೆ ಯಾವಾಗಲೂ ಹಿಂದೆ ಬಿದ್ದಂತೆಯೇ ಕಾಣುತ್ತದೆ. ಅಂಕಿಯ ಪಕ್ಕದಲ್ಲಿ ‘ಅವಧಿಯದು’ ಅಥವಾ ‘ಈವರೆಗಿನದು’ ಎಂಬ ಕಾಲಂ ಕಡ್ಡಾಯ ಮಾಡಿ, ಸೂಚಕದ ವಿವರಣೆಯಲ್ಲೂ ಅದನ್ನೇ ಬರೆಯಿರಿ. ಮೂಲದಲ್ಲಿ ಅವಧಿಯ ಅಂಕಿ ಮಾತ್ರ ಇಟ್ಟುಕೊಂಡು ಸಂಚಿತವನ್ನು ಸೂತ್ರದಿಂದ ಪಡೆಯುವುದು ಹೆಚ್ಚು ಭದ್ರ. ಹಿಂದಿನ ತಿಂಗಳ ತಪ್ಪು ತಿದ್ದಿದರೆ ಮುಂದಿನದೆಲ್ಲ ತಾನೇ ಸರಿಹೋಗುತ್ತದೆ.

ಒಂದು ಎಚ್ಚರಿಕೆ: ಈಗ ಔಷಧ ಪಡೆಯುತ್ತಿರುವವರು, ಈಗ ಶಾಲೆಯಲ್ಲಿರುವವರು, ಇವು ಆ ಹೊತ್ತಿನ ಸ್ಥಿತಿಯ ಅಂಕಿಗಳು. ಇವನ್ನು ವರ್ಷದಿಂದ ವರ್ಷಕ್ಕೆ ಕೂಡಿಸುವಂತಿಲ್ಲ. ಕೂಡಿಸಿದರೆ ಅದೇ ವ್ಯಕ್ತಿ ಮೂರು ಸಲ ಎಣಿಕೆಯಾಗುತ್ತಾರೆ.

ಒಟ್ಟು ಮೊತ್ತ ನಂಬಲಾಗದಷ್ಟು ದೊಡ್ಡದು

ತರಬೇತಿ ಪಡೆದವರು 500. ಅದೇ 500ನ್ನು 300 ಹೆಂಗಸರು, 200 ಗಂಡಸರು ಎಂದು ಒಡೆದಿದ್ದಾರೆ. ಮತ್ತೆ 350 ಮಂದಿ 30 ವರ್ಷದೊಳಗಿನವರು, 150 ಮಂದಿ ಮೇಲಿನವರು ಎಂದೂ ಒಡೆದಿದ್ದಾರೆ. ಕಾಲಂ ಪೂರ್ತಿ ಕೂಡಿಸಿದರೆ 1,500. ಗುರಿ 600 ಆಗಿದ್ದರೆ ಬಾರ್ 250% ತೋರಿಸುತ್ತದೆ, ಸರಿಯಾದದ್ದು 83%. 2018ರ ಐಎಟಿಐ 2.03 ಆವೃತ್ತಿಯಿಂದ ಈಚೆಗೆ ಒಂದೇ ಅವಧಿಗೆ ಹಲವು ಗುರಿ ಮತ್ತು ಸಾಧನೆಗಳನ್ನು ವಿಂಗಡಣೆ ಸಮೇತ ಬರೆಯಬಹುದು. ಹಳೆಯ ಆವೃತ್ತಿಗೆಂದು ಬರೆದ ಪ್ರೋಗ್ರಾಂಗಳು ಎಲ್ಲವನ್ನೂ ಕೂಡಿಸಿಬಿಡುತ್ತವೆ, ಇಲ್ಲವೇ ಮೊದಲು ಸಿಕ್ಕಿದ್ದನ್ನೇ ಒಟ್ಟು ಎಂದು ತೆಗೆದುಕೊಳ್ಳುತ್ತವೆ. ವಿಂಗಡಣೆ ಇರುವ ಸಾಲುಗಳನ್ನು ಪ್ರತ್ಯೇಕ ಟೇಬಲ್‌ನಲ್ಲಿಟ್ಟು, ಒಟ್ಟಿನ ಸಾಲಿನಿಂದ ಮಾತ್ರ ಬಾರ್ ಎಳೆಯಿರಿ.

ಗುರಿಯನ್ನೂ ಇದೇ ರೀತಿ ಒಡೆದಿದ್ದರೆ ಎರಡೂ ಮೂರು ಪಟ್ಟಾಗಿ ಶೇಕಡಾ ಸರಿಯಾಗಿಯೇ ಬರುತ್ತದೆ! ಆಗ ಶೇಕಡಾ ನೋಡಿ ಸಮಾಧಾನಪಟ್ಟರೆ ದೋಷ ಅಡಗಿಯೇ ಉಳಿಯುತ್ತದೆ. ಅದಕ್ಕೇ ಬಾರ್‌ನ ಮೇಲೆ ಮೂಲ ಅಂಕಿಯೂ ಇರಬೇಕು: 600ರಲ್ಲಿ 500 ಎಂದು.

ಯೋಜನೆಗಳ ನಡುವಿನ ಎರಡೆಣಿಕೆ ಹಿಡಿಯುವುದು ಇನ್ನೂ ಕಷ್ಟ. ಹಣ ಕೊಟ್ಟ ಸಂಸ್ಥೆಯೂ ಅದೇ 500 ಮಂದಿಯನ್ನು ವರದಿ ಮಾಡುತ್ತದೆ, ಕೆಲಸ ಮಾಡಿದ ಸಂಸ್ಥೆಯೂ ಮಾಡುತ್ತದೆ. ದೇಶವಾರು ಒಟ್ಟು ಮಾಡುವ ಮುನ್ನ ಯಾರ ಹಣ ಯಾರಿಗೆ ಹೋಗಿದೆ ಎಂಬ ಕೊಂಡಿ ಹಿಡಿದು, ಆ ಸರಪಳಿಯಲ್ಲಿ ಒಂದೇ ಮಟ್ಟದ ಅಂಕಿಯನ್ನು ತೆಗೆದುಕೊಳ್ಳಿ. ಐಎಟಿಐನಲ್ಲಿ ಫಲಿತಾಂಶಕ್ಕೆ ‘ಅಗ್ರಿಗೇಶನ್ ಸ್ಟೇಟಸ್’ ಎಂಬ ಗುಣ ಇದೆ. ಕೂಡಿಸಬಾರದು ಎಂದು ಪ್ರಕಟಿಸಿದವರೇ ಹೇಳಿದ್ದರೆ ಕೂಡಿಸಲೇಬೇಡಿ.

ಶೇಕಡಾಗಳ ಸರಾಸರಿ ತೆಗೆಯುವುದೂ ಇದೇ ಜಾತಿಯ ತಪ್ಪು. ಒಂದು ಜಿಲ್ಲೆಯಲ್ಲಿ 100ರಲ್ಲಿ 90, ಇನ್ನೊಂದರಲ್ಲಿ 1,000ದಲ್ಲಿ 200. ಶೇಕಡಾಗಳ ಸರಾಸರಿ 55. ನಿಜ 1,100ರಲ್ಲಿ 290, ಅಂದರೆ 26%. ಅಂಶ ಮತ್ತು ಛೇದ ಎರಡನ್ನೂ ಸಂಗ್ರಹಿಸದೆ ಶೇಕಡಾ ಮಾತ್ರ ತರಿಸಿಕೊಂಡಿದ್ದರೆ ಇದಕ್ಕೆ ಚಾರ್ಟ್ ಮಟ್ಟದಲ್ಲಿ ಪರಿಹಾರವಿಲ್ಲ. ವರದಿ ನಮೂನೆಯನ್ನೇ ಬದಲಿಸಿ.

ಬಾರ್ 0ಯಲ್ಲಿ ನಿಂತಿದೆ

ಎರಡು ಬೇರೆ ಬೇರೆ ಸ್ಥಿತಿಗಳು ಒಂದೇ ಥರ ಕಾಣುತ್ತವೆ: ಕೆಲಸ ಆಗಿಲ್ಲ, ಮತ್ತು ವರದಿ ಬಂದಿಲ್ಲ. ಇವನ್ನು ಬೇರ್ಪಡಿಸುವುದು ಈ ಕೈಪಿಡಿಯಲ್ಲಿ ನಾವು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳುವ ಸಂಗತಿ. ವರದಿ ತಡವಾದ ಕಾರಣಕ್ಕೆ ಒಂದು ಜಿಲ್ಲೆ ಕೆಂಪಾಗಿ ಕಂಡು, ಅಲ್ಲಿನ ಹಣ ನಿಂತರೆ ನಷ್ಟ ಅಲ್ಲಿನ ಜನರದ್ದು.

ಎಕ್ಸೆಲ್‌ನಲ್ಲಿ ಸೂತ್ರ ಖಾಲಿ ಪಠ್ಯ, ಅಂದರೆ ನಡುವೆ ಏನೂ ಇಲ್ಲದ ಜೋಡಿ ಉದ್ಧರಣ ಚಿಹ್ನೆ, ಕೊಟ್ಟರೆ ಸೆಲ್ ಖಾಲಿ ಕಾಣುತ್ತದೆ. ಆದರೆ ಲೈನ್ ಚಾರ್ಟ್ ಅದನ್ನು ಸೊನ್ನೆಯಾಗಿ ಎಳೆಯುತ್ತದೆ, ಗೆರೆ ದಬಕ್ಕನೆ ತಳಕ್ಕೆ ಬೀಳುತ್ತದೆ. ಅದರ ಬದಲು ಎನ್‌ಎ() ಫಂಕ್ಷನ್ ಬಳಸಿ. ನಿಜವಾಗಿ ಖಾಲಿ ಇರುವ ಸೆಲ್‌ಗಳಿಗೆ ‘ಸೆಲೆಕ್ಟ್ ಡೇಟಾ’ ಒಳಗಿನ ‘ಹಿಡನ್ ಆ್ಯಂಡ್ ಎಂಪ್ಟಿ ಸೆಲ್ಸ್’ನಲ್ಲಿ ‘ಗ್ಯಾಪ್ಸ್’ ಆರಿಸಿ. ಬಾರ್ ಚಾರ್ಟ್‌ಗೆ ಇದು ಸಾಲದು, ಅಲ್ಲಿ ಖಾಲಿಯೂ ಸೊನ್ನೆಯೂ ಕಣ್ಣಿಗೆ ಒಂದೇ. ಬೂದು ಅಡ್ಡಗೆರೆಗಳ ಪಟ್ಟಿ ಹಾಕಿ ‘ವರದಿ ಬಂದಿಲ್ಲ, ಕೊನೆಯದು ಇಂಥ ತಿಂಗಳು’ ಎಂದು ಬರೆಯಿರಿ.

ಸೊನ್ನೆಗೆ ಇನ್ನೊಂದು ಕಾರಣ ಪಠ್ಯವಾಗಿ ಕೂತ ಅಂಕಿಗಳು. ಸೆಲ್‌ನ ಎಡಕ್ಕೆ ಅಂಟಿಕೊಂಡಿರುತ್ತವೆ. ‘ಸಮ್’ ಅವನ್ನು ಸದ್ದಿಲ್ಲದೆ ಬಿಟ್ಟು ಕೂಡಿಸುತ್ತದೆ. ‘ಇಸ್‌ನಂಬರ್’ ಹಾಕಿ ಇಡೀ ಕಾಲಂ ಪರೀಕ್ಷಿಸಿ. ಫ್ರೆಂಚ್ ರೂಢಿಯ ಕಚೇರಿಗಳಿಂದ ಬಂದ ಫೈಲುಗಳಲ್ಲಿ ದಶಮಾಂಶಕ್ಕೆ ಅಲ್ಪವಿರಾಮ ಇರುತ್ತದೆ: 12,5 ಎಂದರೆ ಹನ್ನೆರಡೂವರೆ. ಅದನ್ನು 125 ಎಂದು ಓದಿದ ಶೀಟ್ ಇಡೀ ಚಾರ್ಟ್‌ನ ಅಳತೆ ಕೆಡಿಸುತ್ತದೆ. ಶೇಕಡಾ ಕಾಲಂನಲ್ಲಿ 0.45 ಮತ್ತು 45 ಎರಡೂ ಇದ್ದರೆ ಕೆಲವು ಬಾರ್‌ಗಳು ಅಳಿಸಿಹೋದಂತೆ ಕಾಣುತ್ತವೆ. 04/03/2024 ಮಾರ್ಚ್ ತಿಂಗಳೋ ಏಪ್ರಿಲ್ ತಿಂಗಳೋ ಹೇಳಲಾಗದು. 2024-03-04 ಎಂದು ವರ್ಷ ಮೊದಲಿಟ್ಟು ಬರೆಸಿದರೆ ಗೊಂದಲ ಮುಗಿಯಿತು.

ಎಲ್ಲವೂ ಕೆಂಪು, ಅಥವಾ ಎಲ್ಲವೂ ಹಸಿರು

36 ತಿಂಗಳ ಯೋಜನೆಯ 9ನೆಯ ತಿಂಗಳಲ್ಲಿ 20% ಸಾಧನೆ ಕೆಂಪಾಗಿದ್ದರೆ, ಬಣ್ಣದ ಮಿತಿಗಳನ್ನು ಅಂತಿಮ ಗುರಿಗೆ ಕಟ್ಟಿದ್ದಾರೆ ಎಂದರ್ಥ. ಬಣ್ಣ ಹೋಲಿಸಬೇಕಾದ್ದು ಈ ಹೊತ್ತಿಗೆ ಎಷ್ಟಾಗಬೇಕಿತ್ತು ಎಂಬುದರೊಂದಿಗೆ. ಕಾಲವನ್ನೇ ಸಮನಾಗಿ ಹಂಚಿದರೆ 25% ಬರುತ್ತದೆ. ಆದರೆ ಶಾಲೆ ಕಟ್ಟುವ ಯೋಜನೆಯಲ್ಲಿ ಮೊದಲ ವರ್ಷ ಜಾಗ, ವಿನ್ಯಾಸ, ಟೆಂಡರ್‌ಗಳಲ್ಲೇ ಹೋಗುತ್ತದೆ. ಮುಗಿದ ಕಟ್ಟಡ ಸೊನ್ನೆ ಇರುವುದೇ ಸರಿ. ನೇರ ಗೆರೆಯ ಬದಲು ಪ್ರತಿ ವರ್ಷದ ಮೈಲಿಗಲ್ಲುಗಳನ್ನು ಯೋಜನಾ ದಾಖಲೆಯಿಂದ ತಂದು ಅವುಗಳಿಗೆ ಹೋಲಿಸಿ.

ದರ ಇಳಿಸುವ ಗುರಿಗಳಲ್ಲಿ ಯಾವ ದಾರಿಗೆರೆ ಆರಿಸಿದಿರಿ ಎಂಬುದೇ ತೀರ್ಪನ್ನು ಬದಲಿಸುತ್ತದೆ. ವಿಶ್ವಸಂಸ್ಥೆಯ ಸಹಸ್ರಮಾನದ ಅಭಿವೃದ್ಧಿ ಗುರಿಗಳಲ್ಲಿ ನಾಲ್ಕನೆಯದು 1990ರಿಂದ 2015ರೊಳಗೆ ಐದು ವರ್ಷದೊಳಗಿನ ಮಕ್ಕಳ ಮರಣ ದರವನ್ನು ಮೂರರಲ್ಲಿ ಎರಡು ಪಾಲು ಇಳಿಸುವುದಾಗಿತ್ತು. 2015ರಲ್ಲಿ ವಿಶ್ವಸಂಸ್ಥೆಯ ಅಂದಾಜಿನಂತೆ ಜಾಗತಿಕ ದರ ಸಾವಿರ ಜೀವಂತ ಜನನಕ್ಕೆ 91ರಿಂದ 43ಕ್ಕೆ ಇಳಿದಿತ್ತು. ಬೇಕಿದ್ದದ್ದು ಸುಮಾರು 30. ನೇರ ಗೆರೆ ಎಳೆದರೆ ನಡುವಿನ ಹೊತ್ತಿಗೆ ದರ ಸುಮಾರು 61 ಇದ್ದರೆ ಸಾಕು. ಪ್ರತಿ ವರ್ಷ ಒಂದೇ ಶೇಕಡಾ ಇಳಿಯಬೇಕು ಎಂದು ಬಾಗುಗೆರೆ ಎಳೆದರೆ ಅದೇ ಹೊತ್ತಿಗೆ 53 ಆಗಿರಬೇಕು. ನಡುವಿನಲ್ಲಿ 57 ಇದ್ದ ದೇಶ ಒಂದರಲ್ಲಿ ಹಸಿರು, ಇನ್ನೊಂದರಲ್ಲಿ ಕೆಂಪು. ಮರಣ ದರಗಳಿಗೆ ಬಾಗುಗೆರೆಯೇ ಹೆಚ್ಚು ಹೊಂದುತ್ತದೆ, ಏಕೆಂದರೆ ದರ ಇಳಿದಷ್ಟೂ ಮುಂದಿನ ಒಂದೊಂದು ಅಂಶ ಇಳಿಸುವುದು ಕಷ್ಟವಾಗುತ್ತದೆ. ಬೇಕಾದ ವಾರ್ಷಿಕ ಇಳಿಕೆ ಪಡೆಯಲು ಗುರಿಯನ್ನು ಬೇಸ್‌ಲೈನ್‌ನಿಂದ ಭಾಗಿಸಿ, ವರ್ಷಗಳ ಸಂಖ್ಯೆಯಷ್ಟರ ಮೂಲ ತೆಗೆದು, 1ರಿಂದ ಕಳೆಯಿರಿ. ಈ ಗುರಿಗೆ ಅದು ವರ್ಷಕ್ಕೆ 4.3%. ಆದದ್ದು 3.0%. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ ಯಾವ ಬಾರ್‌ಗಿಂತಲೂ ಸ್ಪಷ್ಟವಾಗುತ್ತದೆ.

ಎಲ್ಲವೂ ಹಸಿರಾಗಿದ್ದರೆ ಗುರಿಯ ಇತಿಹಾಸ ನೋಡಿ. ನಡುವಿನಲ್ಲಿ ಗುರಿ ಇಳಿಸಿ, ಹಳೆಯದರ ಮೇಲೆಯೇ ಹೊಸದನ್ನು ಬರೆದಿರಬಹುದು. ಗುರಿ ಬದಲಿಸುವುದು ತಪ್ಪಲ್ಲ. ಯುದ್ಧ, ಬರ, ಅನುದಾನ ಕಡಿತ ಎಲ್ಲವೂ ಕಾರಣವಾಗಬಹುದು. ಹಳೆಯದನ್ನು ಅಳಿಸುವುದು ತಪ್ಪು. ಗುರಿಗೆ ಪ್ರತ್ಯೇಕ ಟೇಬಲ್ ಇಟ್ಟು, ಯಾವ ದಿನದಿಂದ ಜಾರಿ ಎಂಬ ಕಾಲಂ ಸೇರಿಸಿ. ಚಾರ್ಟ್‌ನಲ್ಲಿ ಮೂಲ ಗುರಿ ಚುಕ್ಕಿಗೆರೆ, ಈಗಿನ ಗುರಿ ಅಖಂಡ ಗೆರೆ.

ಸರಣಿ ಇದ್ದಕ್ಕಿದ್ದಂತೆ ಜಿಗಿದಿದೆ

ಜಗತ್ತು ಬದಲಾಗದೆ ಅಳತೆಗೋಲು ಬದಲಾದಾಗಲೂ ಹೀಗಾಗುತ್ತದೆ. ಸುಸ್ಥಿರ ಅಭಿವೃದ್ಧಿ ಗುರಿ 1.1ರ ಪಠ್ಯದಲ್ಲಿ ಕಡುಬಡತನದ ರೇಖೆ ದಿನಕ್ಕೆ 1.25 ಡಾಲರ್. ವಿಶ್ವಬ್ಯಾಂಕ್ ಅದನ್ನು 2015ರಲ್ಲಿ 1.90ಕ್ಕೆ, 2022ರಲ್ಲಿ 2.15ಕ್ಕೆ, 2025ರಲ್ಲಿ 3.00 ಡಾಲರ್‌ಗೆ ತಂದಿತು. ಪ್ರತಿ ಸಲವೂ ಹಿಂದಿನ ವರ್ಷಗಳನ್ನೂ ಮರುಅಂದಾಜು ಮಾಡಲಾಗುತ್ತದೆ. ಹಾಗಾಗಿ ಹಳೆಯ ಡೌನ್‌ಲೋಡಿನ ಬೇಸ್‌ಲೈನ್‌ಗೆ ಹೊಸ ಸಾಧನೆ ಹೊಲಿದರೆ ಬಡತನ ಏರಿದಂತೆ ಕಾಣಬಹುದು. ಇಡೀ ಸರಣಿಯನ್ನು ಒಂದೇ ದಿನ ಮತ್ತೆ ಇಳಿಸಿಕೊಳ್ಳಿ, ಇಳಿಸಿದ ದಿನಾಂಕ ಬರೆದಿಡಿ. ಕುಡಿಯುವ ನೀರಿನಲ್ಲೂ ಹೀಗೆಯೇ: 2015ರವರೆಗೆ ಅಳೆದದ್ದು ‘ಸುಧಾರಿತ ಮೂಲ’, ನಂತರದ್ದು ಮನೆಯಂಗಳದಲ್ಲೇ, ಬೇಕಾದಾಗ ಸಿಗುವ, ಕಲ್ಮಶವಿಲ್ಲದ ನೀರು. ಎರಡನ್ನೂ ಒಂದೇ ಗೆರೆಯಲ್ಲಿ ಜೋಡಿಸುವಂತಿಲ್ಲ. ಗೆರೆಯನ್ನು ಕತ್ತರಿಸಿ, ಕತ್ತರಿಸಿದ ಜಾಗದಲ್ಲಿ ವ್ಯಾಖ್ಯೆ ಬದಲಾದದ್ದನ್ನು ಬರೆಯಿರಿ.

ಸಮೀಕ್ಷೆಯ ಅಂಕಿಗಳಿಗೆ ಇನ್ನೊಂದು ಪರೀಕ್ಷೆ ಇದೆ. ಮೊದಲ ಸಮೀಕ್ಷೆ 42%, ಎರಡನೆಯದು 39%, ಎರಡಕ್ಕೂ 95% ವಿಶ್ವಾಸದಲ್ಲಿ 3 ಅಂಶ ಆಚೀಚೆ ಎಂದಿದ್ದರೆ, 3 ಅಂಶದ ಇಳಿಕೆಯನ್ನು ಪ್ರಗತಿ ಎನ್ನುವಂತಿಲ್ಲ. ಎರಡೂ ಅಂಚುಗಳ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆಯಿರಿ: 9 ಕೂಡಿಸು 9, ಮೂಲ 4.2. ವ್ಯತ್ಯಾಸ ಅದಕ್ಕಿಂತ ಕಡಿಮೆ. ಬಿಂದುಗಳಿಗೆ ಅಂಚುಗಡ್ಡಿ (ಆಚೀಚೆಯ ಅಂತರ ತೋರಿಸುವ ಗೆರೆ) ಹಾಕಿ, ಸಮೀಕ್ಷೆಗಳ ನಡುವಿನ ವರ್ಷಗಳನ್ನು ಅಖಂಡ ಗೆರೆಯಿಂದ ತುಂಬಬೇಡಿ.

ಅಂಕಿ ಸರಿ, ಚಿತ್ರ ತಪ್ಪು

ಇಲ್ಲಿಗೆ ಬರುವ ಹೊತ್ತಿಗೆ ಉಳಿಯುವುದು ಕೆಲವೇ. ಎಕ್ಸೆಲ್‌ನಲ್ಲಿ ಬುಲೆಟ್ ಚಾರ್ಟ್ (ಸಾಧನೆಯ ಬಾರ್ ಮತ್ತು ಗುರಿಯ ಗೆರೆಯನ್ನು ಒಂದರ ಮೇಲೊಂದು ತೋರಿಸುವ ಚಿತ್ರ) ಮಾಡುವಾಗ ಸಾಧನೆಯನ್ನು ಎರಡನೆಯ ಅಕ್ಷಕ್ಕೆ ಹಾಕುತ್ತೇವೆ. ಆ ಅಕ್ಷ ತನ್ನದೇ ಅಳತೆ ಆರಿಸಿಕೊಳ್ಳುತ್ತದೆ. ಒಂದು 0ಯಿಂದ 3,500, ಇನ್ನೊಂದು 0ಯಿಂದ 1,800. ಆಗ 1,560ರ ಬಾರ್ 3,000ದ ಗುರಿಗೆರೆಯನ್ನು ದಾಟಿರುವಂತೆ ಕಾಣುತ್ತದೆ. ಎರಡೂ ಅಕ್ಷಗಳಿಗೆ ಕನಿಷ್ಠ 0, ಗರಿಷ್ಠ ಒಂದೇ ಅಂಕಿ ಎಂದು ಕೈಯಾರೆ ಬರೆದು, ಆಮೇಲೆ ಎರಡನೆಯದನ್ನು ಮರೆಮಾಡಿ. ‘ಡಿಲೀಟ್’ ಒತ್ತಬೇಡಿ, ಲೇಬಲ್ ಮಾತ್ರ ತೆಗೆಯಿರಿ.

ವೃತ್ತಾಕಾರದ ಗೇಜ್‌ಗಳು ಸಾಮಾನ್ಯವಾಗಿ 100ರಲ್ಲಿ ನಿಂತುಬಿಡುತ್ತವೆ. 180% ಸಾಧನೆಯೂ 100 ಅಂತಲೇ ಕಾಣುತ್ತದೆ. 180% ಬಂದಿದ್ದರೆ ಗುರಿಯೇ ತೀರಾ ಕಡಿಮೆಯಿತ್ತೋ ಎಣಿಕೆ ತಪ್ಪಿತೋ ನೋಡಬೇಕು, ಆದ್ದರಿಂದ ಅದು ಕಾಣಲೇಬೇಕು. ಕೆಂಪು ಮತ್ತು ಹಸಿರನ್ನು ಬೇರ್ಪಡಿಸಿ ನೋಡಲಾಗದವರು ಓದುಗರಲ್ಲಿ ಇದ್ದೇ ಇರುತ್ತಾರೆ. ನೀಲಿ ಮತ್ತು ಕಿತ್ತಳೆ ಬಳಸಿ, ಜೊತೆಗೆ ‘ಹಿಂದಿದೆ’ ಎಂಬ ಪದವನ್ನೂ ಬರೆಯಿರಿ. ಕಪ್ಪು ಬಿಳುಪಿನಲ್ಲಿ ಒಂದು ಪ್ರತಿ ಮುದ್ರಿಸಿ ಓದಲು ಆಗುತ್ತದೆಯೇ ನೋಡಿದರೆ ಪರೀಕ್ಷೆ ಮುಗಿಯಿತು.

ತಿದ್ದಿದ ಮೇಲೆ ಮೂಲ ಶೀಟಿಗೆ ಐದು ಪರೀಕ್ಷಾ ಸಾಲುಗಳನ್ನು ಸೇರಿಸಿಡಿ: ಏರುವ ಸೂಚಕ, ಇಳಿಯುವ ಸೂಚಕ, ಬೇಸ್‌ಲೈನ್‌ಗಿಂತ ಕೆಟ್ಟ ಸಾಧನೆ, ಗುರಿಯೂ ಬೇಸ್‌ಲೈನೂ ಒಂದೇ ಇರುವುದು, ವರದಿ ಬಾರದ್ದು. ಮೇಲಿನ ಅಂಕಿಗಳನ್ನೇ ಬಳಸಿದರೆ ಕ್ರಮವಾಗಿ 20%, 25%, ಮೈನಸ್ 17%, ‘ಉಳಿಸಿಕೊಳ್ಳುವ ಗುರಿ’, ‘ವರದಿ ಬಂದಿಲ್ಲ’ ಎಂದು ಬರಬೇಕು. ಸೂತ್ರಕ್ಕೆ ಯಾರು ಕೈಹಾಕಿದರೂ ಮೊದಲು ಈ ಐದನ್ನು ನೋಡಲಿ. ತಪ್ಪು ಚಾರ್ಟ್ ಈಗಾಗಲೇ ವರದಿಯಲ್ಲಿ ಹೋಗಿದ್ದರೆ, ಹಳೆಯ ಅಂಕಿ, ಹೊಸ ಅಂಕಿ ಮತ್ತು ಕಾರಣ ಬರೆದ ತಿದ್ದುಪಡಿಯನ್ನು ಆ ವರದಿ ತಲುಪಿದ ಎಲ್ಲರಿಗೂ ಅದೇ ವಾರದಲ್ಲಿ ಕಳಿಸಿ. ಅಂಕಿ ಕೊಟ್ಟ ಕ್ಷೇತ್ರದ ತಂಡಕ್ಕೂ ಕಳಿಸಿ.